ಮೀಟರಿನಲ್ಲಿ 2 ಡಿಗ್ರಿ, ಬಾಗಿಲ ಬಳಿಯ ದ್ರಾಕ್ಷಿಯಲ್ಲಿ 13

ಜತ್ತ, ಉಮದಿ ಕಡೆಯ ದ್ರಾಕ್ಷಿ ಬೆಳೆಗಾರರೇ, ಎ.ಸಿ. ಗಾಡಿಯಲ್ಲಿ ದೂರದೂರಿಗೆ ಮಾಲು ಕಳಿಸುವವರಿದ್ದರೆ ದಯವಿಟ್ಟು ಇದನ್ನು ಓದಿರಿ.

ಹೋದ ಮಾರ್ಚಿನಲ್ಲಿ ನಮ್ಮ ಪಡದ ಥಾಮ್ಸನ್ ತಳಿಯ ದ್ರಾಕ್ಷಿ ದಿಲ್ಲಿಗೆ ಕಳಿಸಿದೆ. ನಸುಕಿನಲ್ಲೇ ಕೊಯ್ದು, ಹೊಲದ ಕಾವು ಇಳಿಯಲೆಂದು ಕೋಲ್ಡ್ ಸ್ಟೋರೇಜಿನಲ್ಲಿ ತಂಪು ಮಾಡಿಸಿದ್ದೆ. ತುಂಬುವಾಗ 50 ಪೆಟ್ಟಿಗೆ ಉಳಿದವು. "ಬಿಟ್ಟು ಯಾಕ ಹೋಗೂದ್ರಿ ಅಣ್ಣಾರ, ಮ್ಯಾಲ ಒಟ್ರಿ. ಮಷಿನ್ ಎರಡ ಡಿಗ್ರಿ ತೋರಸ್ತದ, ಏನೂ ಆಗೂದಿಲ್ಲ" ಅಂದ ಡ್ರೈವರ್. ಒಳಗೋಡೆಗೆ ಕೆಂಪು ಗೆರೆ ಇತ್ತು. ಅದನ್ನೂ ದಾಟಿ ಸೂರಿಗೆ ತಾಗುವ ಹಾಗೆ ಒಟ್ಟಿದರು. ಬಾಡಿಗೆ ಉಳಿಯಿತಲ್ಲ ಎಂದು ನಾನೂ ಸುಮ್ಮನಿದ್ದೆ.

ದಲಾಲರು ವಿಡಿಯೊದಲ್ಲಿ ತೋರಿಸಿದ್ದು ಇನ್ನೂ ಕಣ್ಣ ಮುಂದಿದೆ. ಬಾಗಿಲ ಬಳಿಯ ಪೆಟ್ಟಿಗೆಗಳ ತಳ ಒದ್ದೆ. ಗೊನೆ ಎತ್ತಿದರೆ ಕಾಳು ಉದುರುತ್ತಿದ್ದವು, ತೊಟ್ಟು ಒಣಗಿ ಕಂದಾಗಿತ್ತು. ಕಾಳಿಗೆ ಥರ್ಮಾಮೀಟರ್ ಚುಚ್ಚಿದರೆ 13 ಡಿಗ್ರಿ. ಕ್ಯಾಬಿನ್ ಕಡೆಯ ಪೆಟ್ಟಿಗೆಯಲ್ಲಿ ಅದೇ ಪಡದ, ಅದೇ ದಿನ ಕೊಯ್ದ ಹಣ್ಣು ಹಚ್ಚಗೆ, ಗಟ್ಟಿಯಾಗಿ ಇತ್ತು. ಮೀಟರ್ ಆಗಲೂ 2 ಡಿಗ್ರಿಯೇ ತೋರಿಸುತ್ತಿತ್ತು.

ಮಷಿನ್ ಕೆಟ್ಟಿರಲಿಲ್ಲ. ಇಂಥ ಗಾಡಿಯಲ್ಲಿ ತಂಪು ಗಾಳಿ ಮುಂದಿನ ಗೋಡೆಯಿಂದ ಹೊರಟು, ಸೂರಿನಡಿ ಬಾಗಿಲ ತನಕ ಹೋಗಿ, ಅಲ್ಲಿ ಕೆಳಗಿಳಿದು, ತಳದಲ್ಲಿ ಮುಂದಕ್ಕೆ ಮರಳಬೇಕು. ಮೇಲಿನ ದಾರಿ ಮುಚ್ಚಿದಾಗ ಗಾಳಿ ಮುಂದೆಯೇ ಸುತ್ತಿ ಮಷಿನ್ನಿಗೆ ವಾಪಸಾಗುತ್ತದೆ. ಮೀಟರ್ ಅಳೆಯುವುದು ಆ ಮರಳಿದ ಗಾಳಿಯನ್ನೇ, ಹಣ್ಣನ್ನಲ್ಲ. ಕೊಯ್ದ ಹಣ್ಣೂ ಉಸಿರಾಡುತ್ತದೆ, ಕಾವು ಬಿಡುತ್ತದೆ. ಬಾಗಿಲ ಕಡೆ ಆ ಕಾವನ್ನು ಒಯ್ಯಲು ಗಾಳಿಯೇ ಇರಲಿಲ್ಲ.

ಟ್ರಾನ್ಸ್‌ಪೋರ್ಟಿನವರು ಅದೇ 2 ಡಿಗ್ರಿಯ ದಾಖಲೆ ಮುಂದಿಟ್ಟು ಒಂದು ರೂಪಾಯಿಯನ್ನೂ ಕೊಡಲಿಲ್ಲ.

ಕೆಂಪು ಗೆರೆ ಮೇಲೆ ಒಂದು ಪೆಟ್ಟಿಗೆಯನ್ನೂ ಇಡಗೊಡಬೇಡಿ. ಪೆಟ್ಟಿಗೆಗಳನ್ನು ಬರೀ ನೆಲಕ್ಕಿಡದೆ ಪ್ಯಾಲೆಟ್ ಮೇಲಿಡಿಸಿ, ಬಾಗಿಲಿಗೂ ಮುಂದಿನ ಗೋಡೆಗೂ ಸಂದು ಬಿಡಿಸಿ. ಪೆಟ್ಟಿಗೆಯ ತೂತುಗಳು ಒಂದಕ್ಕೊಂದು ಎದುರಾಗಿ ಕೂರಲಿ. ತುಂಬುವ ಮೊದಲೇ ಗಾಡಿಯ ಒಳಗು ತಣ್ಣಗಾಗಿರಬೇಕು. ಬಿಸಿ ಹಣ್ಣನ್ನು ಗಾಡಿಯೇ ತಂಪು ಮಾಡುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ತಂಪಾದ ಮಾಲನ್ನು ಹಾಗೇ ಕಾಯುವುದಷ್ಟೇ ಅದರ ಕೆಲಸ. ಮುಖ್ಯವಾಗಿ, ತಾಪಮಾನ ಬರೆದಿಡುವ ಪುಟ್ಟ ಡೇಟಾ ಲಾಗರನ್ನು ನೀವೇ ಕೊಂಡು ಬಾಗಿಲ ಕಡೆಯ ಮೇಲಿನ ಪೆಟ್ಟಿಗೆಯೊಳಗೆ, ಗೊನೆಗಳ ನಡುವೆ ಇಡಿರಿ. ಅದು ನನ್ನ ಬಳಿ ಅವತ್ತು ಇರಲಿಲ್ಲ.