ಕಾಲೇಜು ತಂಡಕ್ಕೆ ಜೆರ್ಸಿ ಬೇಕಾ? ದುರ್ಗಿಗುಡಿಯ ಈ ಅಂಗಡಿಗೆ ಹೋಗಿ

ನಾನು ಡಿಗ್ರಿ ಕಾಲೇಜಿನಲ್ಲಿ ಪಿ.ಇ. ಮೇಷ್ಟ್ರು. ತಂಡಕ್ಕೆ ಜೆರ್ಸಿ ಹೊಲಿಸುವುದಕ್ಕೆ ಬೇರೆ ಕಡೆ ಹೋಗುವುದಿಲ್ಲ. ಶಿವಮೊಗ್ಗದ ದುರ್ಗಿಗುಡಿಯ ಅಡ್ಡರಸ್ತೆಯಲ್ಲಿರುವ ಈ ಅಂಗಡಿ ತುಂಬಾ ಸಣ್ಣದು. ಮುಂದೆ ಕೌಂಟರ್, ಹಿಂದೆ ಹೊಲಿಗೆ ಮಷಿನ್, ಪಕ್ಕದಲ್ಲಿ ನಂಬರ್ ಒತ್ತುವ ಹೀಟ್ ಪ್ರೆಸ್. ಆದರೆ ಇವರಿಗೆ ಆಟ ಗೊತ್ತು.

ನಮ್ಮ ಅಂತರ ಕಾಲೇಜು ಪಂದ್ಯಗಳು ಎಷ್ಟೋ ಸಲ ಮಳೆಗಾಲದಲ್ಲೇ ಬರುತ್ತವೆ. ಹೊಸನಗರ, ತೀರ್ಥಹಳ್ಳಿ ಕಡೆ ಬೆಳಿಗ್ಗೆ ನೆಂದ ಅಂಗಿ ಸಂಜೆಗೂ ಒಣಗುವುದಿಲ್ಲ. ಹಾಗಾಗಿ ಇವರು ಹತ್ತಿ ಬಟ್ಟೆ ತೋರಿಸುವುದೇ ಇಲ್ಲ, ಸಣ್ಣ ತೂತಿನ ಪಾಲಿಯೆಸ್ಟರ್ ಕೊಡುತ್ತಾರೆ. ಕಬಡ್ಡಿ ಜೆರ್ಸಿಯ ಭುಜಕ್ಕೆ, ಪಕ್ಕಕ್ಕೆ ಜೋಡಿ ಹೊಲಿಗೆ. ಅಂಗಿ ಹಿಡಿಯುವುದು ಫೌಲ್, ನಿಜ. ಆದರೂ ರೈಡರ್ ಮೇಲೆ ನಾಲ್ಕು ಜನ ಬಿದ್ದಾಗ ಮೊದಲು ಕಿತ್ತು ಬರುವುದು ಅದೇ ಅಲ್ವಾ? ಓಟದ ಸ್ಪೈಕ್ (ಮೊಳೆ ಶೂ) ಕೇಳಿದರೆ ಮೊದಲು ಮೈದಾನ ಯಾವುದು ಅಂತ ವಿಚಾರಿಸುತ್ತಾರೆ. ಸಿಂಥೆಟಿಕ್ ಆದರೆ 6 ಮಿ.ಮೀ. ಮೊಳೆ, ಮಣ್ಣಿನ ಟ್ರ್ಯಾಕ್ ಆದರೆ 9. ಕಾಲೇಜಿನ ಹೆಸರನ್ನು ಕನ್ನಡದಲ್ಲಿ ಒತ್ತುವ ಮೊದಲು ಒತ್ತಕ್ಷರ ಸರಿಯಿದೆಯಾ ಅಂತ ನಮಗೆ ತೋರಿಸುತ್ತಾರೆ. ಇದು ನನಗೆ ಬಹಳ ಇಷ್ಟ.

ಒಳಗೋಡೆಯಲ್ಲಿ ಹಳೆಯ ಜೆರ್ಸಿಗಳಿವೆ. ಚಳ್ಳಕೆರೆ, ಜಗಳೂರು, ಹರಿಹರ, ಕೊಪ್ಪ. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಶುರುವಾದಾಗ ಈ ಕಾಲೇಜುಗಳೆಲ್ಲ ಒಂದೇ ಕಡೆ ಆಡತೊಡಗಿದವು. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾದ ಮೇಲೂ ಮೊಳಕಾಲ್ಮೂರಿನಿಂದ ಶೃಂಗೇರಿವರೆಗೆ ಪೈಪೋಟಿ ಒಂದೇ. ಯೂನಿವರ್ಸಿಟಿ ಇರುವ ಶಂಕರಘಟ್ಟದ ಆಯ್ಕೆಯಲ್ಲಿ ಉಳಿದವರಿಗೆ ಯೂನಿವರ್ಸಿಟಿ ಬ್ಲೂ, ಅಂದರೆ ಯೂನಿವರ್ಸಿಟಿ ತಂಡದ ಆಟಗಾರ ಅನ್ನುವ ಗೌರವ. ಆಮೇಲೆ ದಕ್ಷಿಣ ಭಾರತದ ಯೂನಿವರ್ಸಿಟಿಗಳ ದಕ್ಷಿಣ ವಲಯದ ಪಂದ್ಯ. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಬಂತು. ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳು ಆ ಕಡೆ ಹೋದವು. ಅಂಗಡಿಯ ಆರ್ಡರ್ ಕೂಡ ಅವುಗಳ ಜೊತೆ ಹೋಯಿತು.

ಅಮೆರಿಕದ ಸೌತ್‌ವೆಸ್ಟ್ ಕಾನ್ಫರೆನ್ಸ್ ಬಗ್ಗೆ ಓದಿದಾಗ ನನಗೆ ಈ ಗೋಡೆ ನೆನಪಾಗಿತ್ತು. ಅದು 1914ರಲ್ಲಿ ಕಟ್ಟಿದ ಕಾಲೇಜು ಒಕ್ಕೂಟ, ಹೆಚ್ಚಿನವು ಟೆಕ್ಸಾಸಿನವು. ಅಲ್ಲಿನ ಸುಪ್ರೀಂ ಕೋರ್ಟಿನ 1984ರ ತೀರ್ಪಿನಿಂದ ಅಮೆರಿಕನ್ ಫುಟ್‌ಬಾಲಿನ ಟಿವಿ ಹಕ್ಕು ಮಾರುವುದು ಕಾಲೇಜುಗಳ ಕೈಗೆ ಬಂತು. ಟಿವಿ ದುಡ್ಡು ಜಾಸ್ತಿ ಇರುವ ಕಡೆ ಎಲ್ಲರ ಕಣ್ಣು ಹೋಯಿತು. ಒಕ್ಕೂಟದಿಂದ ಅರ್ಕಾನ್ಸಾ ಕಾಲೇಜು ಮೊದಲು ಹೊರಟಿತು. 1996ರಲ್ಲಿ ಒಕ್ಕೂಟವೇ ಮುಗಿಯಿತು. ನಾಲ್ಕು ಕಾಲೇಜು ಬಿಗ್ 12 ಅನ್ನುವ ಬೇರೆ ಒಕ್ಕೂಟ ಸೇರಿದವು. ಉಳಿದ ರೈಸ್, ಟಿಸಿಯು, ಎಸ್‌ಎಂಯು, ಹ್ಯೂಸ್ಟನ್‌ಗೆ ಆಗ ಅಲ್ಲಿ ಜಾಗ ಸಿಗಲಿಲ್ಲ.

ನಮ್ಮಲ್ಲಿ ದುಡ್ಡಿನ ಜಗಳ ಇರಲಿಲ್ಲ. ಒಂದರ ಬದಲು ಎರಡು ಯೂನಿವರ್ಸಿಟಿ ತಂಡವಾಗಿ ಜಾಸ್ತಿ ಮಕ್ಕಳಿಗೆ ಬ್ಲೂ ಸಿಗುತ್ತಿದೆ, ಅದು ಒಳ್ಳೆಯದೇ. ಆದರೆ ಬಯಲುಸೀಮೆಯ ತಂಡಗಳ ಎದುರು ಆಡದೆ ನಮ್ಮ ಹುಡುಗರು ಸೀದಾ ದಕ್ಷಿಣ ವಲಯಕ್ಕೆ ಹೋಗುತ್ತಾರೆ. ಎರಡೂ ಕಡೆಯವರು ಸೇರಿ ವರ್ಷಕ್ಕೊಂದು ಆಹ್ವಾನ ಟೂರ್ನಿ ಮಾಡಬೇಕು. ಅಂಗಡಿಯವರೂ ಅದನ್ನೇ ಹೇಳುತ್ತಾರೆ. ಹಳೆಯ ಕಾಲೇಜುಗಳ ಬಣ್ಣ, ಅಳತೆಯ ಪುಸ್ತಕ ಇನ್ನೂ ಇಟ್ಟುಕೊಂಡಿದ್ದಾರೆ.

ಕೊರತೆಯೂ ಇದೆ. ಸೀಸನ್‌ನಲ್ಲಿ ಹೇಳಿದ ದಿನಕ್ಕೆ ಕೊಡುವುದಿಲ್ಲ. ಒಮ್ಮೆ ನಮ್ಮ ಖೊ ಖೊ ಹುಡುಗಿಯರ ಜೆರ್ಸಿಯ ನಂಬರ್ ಬೇಗ ಸಿಪ್ಪೆ ಎದ್ದಿತ್ತು. ದುಡ್ಡು ಕೇಳದೆ ಮತ್ತೆ ಒತ್ತಿಕೊಟ್ಟರು. ಬೆಲೆ ಆನ್‌ಲೈನ್‌ಗಿಂತ ಸ್ವಲ್ಪ ಜಾಸ್ತಿ. ಅಂಗಡಿಗೆ ಐದು ಅಂಕಕ್ಕೆ ನಾಲ್ಕು ಕೊಡುತ್ತೇನೆ. ಜುಲೈ ಒಳಗೆ ಅಳತೆ ಕೊಟ್ಟುಬಿಡಿ, ಅರ್ಧ ಮುಂಗಡ ಇಟ್ಟರೆ ಸಾಕು.