ಹಳೆಯ ಡೀಸೆಲ್ ಟ್ರಕ್‌ಗೆ ಹೊಸ ಫ್ಯುಯೆಲ್ ಲೈನ್, ಎಲೆಕ್ಟ್ರಿಕ್ ಫೀಡ್ ಪಂಪ್: ಪಂಪ್‌ಗಿಂತ ಪೈಪಿಗೇ ಜಾಸ್ತಿ ಅಂಕ

ರೇಟಿಂಗ್: ಪೈಪುಗಳಿಗೆ 5ಕ್ಕೆ 5. ಪಂಪ್‌ಗೆ 5ಕ್ಕೆ 3.5. ಎಲೆಕ್ಟ್ರಿಕ್ ಪಂಪ್ ಕಿಟ್ ಜೊತೆ ಬಂದ ವೈರಿಂಗ್‌ಗೆ 5ಕ್ಕೆ 1, ಅದೂ ಫ್ಯೂಸ್ ಹೋಲ್ಡರ್ ಚೆನ್ನಾಗಿತ್ತು ಅನ್ನುವ ಕಾರಣಕ್ಕೆ.

ಗಾಡಿ ಎಂಥದ್ದು ಅಂತ ಮೊದಲು ಹೇಳಿಬಿಡುತ್ತೇನೆ. ಎಂಜಿನ್ನಿಗೆ ಕಂಪ್ಯೂಟರ್ ಬರುವುದಕ್ಕೆ ಮುಂಚಿನ ಡೀಸೆಲ್ ಟ್ರಕ್. ರೋಟರಿ ಇಂಜೆಕ್ಷನ್ ಪಂಪ್, ಅಂದರೆ ಡೀಸೆಲ್ಲನ್ನು ಅಳೆದು ಜೋರಾಗಿ ಎಂಜಿನ್ನಿಗೆ ಹೊಡೆಯುವ ಪಂಪ್. ಟ್ಯಾಂಕ್‌ನಿಂದ ಅದಕ್ಕೆ ಡೀಸೆಲ್ ಎಳೆದುಕೊಡಲು ಎಂಜಿನ್ ಪಕ್ಕದಲ್ಲಿ ಬೋಲ್ಟ್ ಮಾಡಿದ ಡಯಾಫ್ರಂ (ರಬ್ಬರ್ ಪೊರೆಯ) ಫೀಡ್ ಪಂಪ್. ಅಲ್ಲಿಂದ ಹಿಂದಿನ ಟ್ಯಾಂಕ್‌ವರೆಗೆ ಚಾಸಿಗೆ ಅಂಟಿಕೊಂಡು ಹೋಗುವ ಉಕ್ಕಿನ ಪೈಪ್, ತಿರುವು ಇರುವಲ್ಲೆಲ್ಲ ರಬ್ಬರ್ ಹೋಸ್‌ನ ತುಂಡು. ಕಾಮನ್ ರೇಲ್ (ಕಂಪ್ಯೂಟರ್ ಹಿಡಿತದ ಹೊಸ ಬಗೆಯ ಡೀಸೆಲ್) ಗಾಡಿ ಇರುವವರು ಇಲ್ಲಿನ ಪ್ರೆಷರ್ ಅಂಕಿಗಳನ್ನು ತಮ್ಮ ಗಾಡಿಗೆ ಹಾಕಿಕೊಳ್ಳಬೇಡಿ. ಅದರ ಲೆಕ್ಕವೇ ಬೇರೆ.

ತೊಂದರೆ ಏನಿತ್ತು? ಬೆಳಿಗ್ಗೆ ಸೆಲ್ಫ್ ಹೊಡೆದೇ ಹೊಡೆಯಬೇಕು. ಸ್ಟಾರ್ಟ್ ಆದರೂ ಒಂದಷ್ಟು ಹೊತ್ತು ಕುಂಟುತ್ತಿತ್ತು. ಲೋಡ್ ಹಾಕಿ ಏರು ಹತ್ತಿದರೆ ಅರ್ಧ ದಾರಿಯಲ್ಲಿ ದಮ್ಮು ಕಟ್ಟಿದ ಹಾಗೆ ಎಳೆತ ಬಿದ್ದುಹೋಗುತ್ತಿತ್ತು. ಟ್ಯಾಂಕ್ ಕಾಲು ಭಾಗಕ್ಕೆ ಇಳಿದರೆ ಇನ್ನೂ ಕೆಟ್ಟದು. ಇಷ್ಟೆಲ್ಲ ಆದರೂ ಕೆಳಗೆ ಒಂದು ಹನಿ ಡೀಸೆಲ್ ಕಾಣುತ್ತಿರಲಿಲ್ಲ.

ಇದೇ ಎಲ್ಲರನ್ನೂ ದಾರಿ ತಪ್ಪಿಸುವುದು. ಟ್ಯಾಂಕ್‌ನಿಂದ ಫೀಡ್ ಪಂಪ್‌ವರೆಗಿನ ಪೈಪ್ ಎಳೆಯುವ ಕಡೆ. ಎಂಜಿನ್ ಓಡುವಾಗ ಅದರೊಳಗೆ ವಾತಾವರಣಕ್ಕಿಂತ ಕಡಿಮೆ ಒತ್ತಡ. ಹಾಗಾಗಿ ಬಿರುಕು ಬಿಟ್ಟರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ತೂತು ಬಿದ್ದ ಸ್ಟ್ರಾದಲ್ಲಿ ಕುಡಿದ ಹಾಗೆ. ರಾತ್ರಿ ಗಾಡಿ ನಿಂತಾಗ ಅದೇ ಬಿರುಕಿನಿಂದ ಗಾಳಿ ನುಗ್ಗಿ, ಪೈಪಿನಲ್ಲಿದ್ದ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತದೆ. ಬೆಳಿಗ್ಗೆ ಸೆಲ್ಫ್ ಹೊಡೆಯುವುದು ಆ ಖಾಲಿ ಪೈಪ್ ತುಂಬಿಸುವುದಕ್ಕೆ.

ಇದನ್ನು ನೋಡಲು ದೊಡ್ಡ ಸಲಕರಣೆ ಬೇಡ. ಇಂಜೆಕ್ಷನ್ ಪಂಪ್‌ಗೆ ಹೋಗುವ ಕಡೆ ಒಂದು ಗೇಣು ಪಾರದರ್ಶಕ ಹೋಸ್ ಹಾಕಿ ಎಂಜಿನ್ ಓಡಿಸಿದರೆ ಗುಳ್ಳೆಗಳು ಸಾಲಾಗಿ ಹೋಗುವುದು ಕಣ್ಣಿಗೇ ಕಾಣುತ್ತದೆ. ಪರೀಕ್ಷೆ ಮುಗಿದ ಮೇಲೆ ಅದನ್ನು ತೆಗೆದುಬಿಡಿ. ಅಂಥ ಹೋಸ್ ಡೀಸೆಲ್‌ನಲ್ಲಿ ಬಹಳ ದಿನ ಬಾಳುವುದಿಲ್ಲ. ನಂತರ ಫೀಡ್ ಪಂಪ್‌ಗೆ ಮೊದಲು ಒಂದು ವ್ಯಾಕ್ಯೂಮ್ ಗೇಜ್. ನನ್ನ ಗಾಡಿಯಲ್ಲಿ ಪೂರ್ತಿ ಲೋಡ್‌ನಲ್ಲಿ ಪಾದರಸದ 9 ಇಂಚಿನ ಹತ್ತಿರ ತೋರಿಸಿತು. ಅಂದರೆ ಪಂಪ್ ಅಷ್ಟು ಕಷ್ಟಪಟ್ಟು ಎಳೆಯುತ್ತಿತ್ತು. ಗಾಳಿ ಸೇರುವುದು ಒಂದು ಕಡೆ, ದಾರಿ ಕಟ್ಟಿಕೊಂಡಿರುವುದು ಇನ್ನೊಂದು ಕಡೆ. ಎರಡೂ ಇತ್ತು.

ಜೊತೆಗೆ ಎಂಜಿನ್ ಆಯಿಲ್ ಮಟ್ಟ ತಾನಾಗಿಯೇ ಏರುತ್ತಿತ್ತು. ಡಿಪ್‌ಸ್ಟಿಕ್ ಮೂಸಿದರೆ ಡೀಸೆಲ್ ವಾಸನೆ. ಡಯಾಫ್ರಂ ಹರಿದರೆ ಡೀಸೆಲ್ ನೇರ ಸಂಪ್‌ಗೆ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿಗೆ) ಇಳಿಯುತ್ತದೆ, ಆಯಿಲ್ ತೆಳ್ಳಗಾಗಿ ಬೇರಿಂಗ್ ಹೋಗುತ್ತದೆ. ಈ ಲಕ್ಷಣ ಕಂಡರೆ ಉಳಿದ ಮಾತೆಲ್ಲ ಆಮೇಲೆ, ಮೊದಲು ಪಂಪ್ ಬದಲಾಯಿಸಿ, ಹಳೆಯ ಆಯಿಲ್ ತೆಗೆದು ಹೊಸದು ಹಾಕಿ.

ನಾನು ಕೆಲಸವನ್ನು ಎರಡು ಹಂತದಲ್ಲಿ ಮಾಡಿದೆ. ಮೊದಲು ಹಳೆಯ ಮಾದರಿಯದೇ ಹೊಸ ಡಯಾಫ್ರಂ ಪಂಪ್ ಹಾಕಿ, ಪೈಪುಗಳನ್ನೆಲ್ಲ ಬದಲಾಯಿಸಿ, ಕೆಲವು ತಿಂಗಳು ಓಡಿಸಿದೆ. ಆಮೇಲೆ ಎಲೆಕ್ಟ್ರಿಕ್ ಕಿಟ್. ಹಾಗಾಗಿ ಯಾವುದರಿಂದ ಎಷ್ಟು ಲಾಭ ಆಯಿತು ಅಂತ ಬಿಡಿಸಿ ಹೇಳಬಲ್ಲೆ. ಎಲ್ಲ ಒಟ್ಟಿಗೆ ಹಾಕಿದವರು ಹೊಗಳುವುದೆಲ್ಲ ಪಂಪನ್ನೇ. ಪೈಪ್ ಪಾಪ ಚಾಸಿ ಕೆಳಗೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಳೆಯ ಹೋಸ್ ಯಾಕೆ ಹಾಳಾಗುತ್ತದೆ ಅನ್ನುವುದಕ್ಕೆ ವಯಸ್ಸು ಒಂದೇ ಕಾರಣ ಅಲ್ಲ. ಡೀಸೆಲ್ಲೇ ಬದಲಾಗಿದೆ. ಗಂಧಕದ ಮಿತಿ ಅಮೆರಿಕದಲ್ಲಿ 2006ರಿಂದ 15 ಪಿಪಿಎಂ (ಹತ್ತು ಲಕ್ಷಕ್ಕೆ 15 ಭಾಗ), ಯುರೋಪ್‌ನಲ್ಲಿ 2009ರಿಂದ 10, ಭಾರತದಲ್ಲಿ 2020ರ ಏಪ್ರಿಲ್‌ನಿಂದ 10. ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲ್‌ನ ಆರೊಮ್ಯಾಟಿಕ್ ಅಂಶವೂ ಕಡಿಮೆಯಾಗುತ್ತದೆ. ಹಳೆಯ ನೈಟ್ರೈಲ್ ರಬ್ಬರ್ ಸೀಲುಗಳು ಆ ಅಂಶವನ್ನು ಹೀರಿಕೊಂಡು ಉಬ್ಬಿ ಕೂತಿರುತ್ತವೆ. ಅದು ಕಡಿಮೆಯಾದರೆ ಕುಗ್ಗಿ, ಸಂದು ಬಿಡುತ್ತವೆ. ಮೇಲಿಂದ ಬಯೋಡೀಸೆಲ್ ಬೆರಕೆ ಬೇರೆ. ಅದು ನೈಟ್ರೈಲ್ ಮತ್ತು ನೈಸರ್ಗಿಕ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಆದ್ದರಿಂದ ಹೊಸ ಹೋಸ್ ಅಂದರೆ ಅದೇ ಹಳೆಯ ಜಾತಿಯ ರಬ್ಬರ್ ಆಗಬಾರದು. ಒಳಪದರ ವಿಟಾನ್ (ಡೀಸೆಲ್ ತಡೆದುಕೊಳ್ಳುವ ಫ್ಲೋರಿನ್ ರಬ್ಬರ್) ಜಾತಿಯದ್ದಿರಬೇಕು. ಹೋಸ್ ಮೇಲೆ ಎಸ್‌ಎಇ ಜೆ30 ಆರ್9 ಅಂತ ಮುದ್ರೆ ಇದ್ದರೆ ಅದು ಆ ಬಗೆಯದು. ಇಲ್ಲವಾದರೆ ಉಕ್ಕಿನ ಹೆಣಿಗೆ ಇರುವ ಪಿಟಿಎಫ್ಇ (ಟೆಫ್ಲಾನ್) ಹೋಸ್. ಸೀಲ್, ಓ-ರಿಂಗ್‌ಗಳೂ ವಿಟಾನ್‌ದೇ ಇರಲಿ.

ತಾಮ್ರದ ಪೈಪ್ ಬಗ್ಗಿಸುವುದು ಸುಲಭ ಅಂತ ಹಾಕುವವರಿದ್ದಾರೆ. ಬೇಡ. ತಾಮ್ರ ಡೀಸೆಲ್ಲನ್ನು ಬೇಗ ಹಳಸುವಂತೆ ಮಾಡಿ ಅಂಟು ಕಟ್ಟಿಸುತ್ತದೆ. ಸತು ಲೇಪಿಸಿದ ಪೈಪೂ ಬೇಡ. ನಾನು ಚಾಸಿ ಉದ್ದಕ್ಕೆ ಸ್ಟೇನ್‌ಲೆಸ್ ಪೈಪ್, ಎರಡು ತುದಿಗೆ ಪಿಟಿಎಫ್ಇ ಹೋಸ್ ಹಾಕಿದೆ.

ಇನ್ನು ಅಳತೆ. ಹಳೆಯ ಪೈಪಿನ ಒಳವ್ಯಾಸ 8 ಮಿಲಿಮೀಟರ್. ನಾನು ಹಾಕಿದ್ದು 12. ನೋಡಲು ಚಿಕ್ಕ ವ್ಯತ್ಯಾಸ ಅಲ್ವಾ? ಆದರೆ ಸುಳಿಯಿಲ್ಲದೆ ನಿಧಾನವಾಗಿ ಹರಿಯುವ ದ್ರವಕ್ಕೆ ಪೈಪಿನ ತಡೆ ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಇಳಿಯುತ್ತದೆ. ಒಂದೂವರೆ ಪಟ್ಟು ಅಗಲ ಮಾಡಿದರೆ ತಡೆ ಐದನೇ ಒಂದು ಭಾಗಕ್ಕೆ ಬರುತ್ತದೆ. ಚಳಿಯಲ್ಲಿ ಡೀಸೆಲ್ ಮಂದವಾದಾಗ ಇದರ ಬೆಲೆ ಗೊತ್ತಾಗುತ್ತದೆ.

ಪೈಪ್ ಅಗಲ ಮಾಡಿ ಬ್ಯಾಂಜೊ ಬೋಲ್ಟ್ (ಪೈಪ್ ಜೋಡಿಸುವ ಟೊಳ್ಳು ಬೋಲ್ಟ್) ಹಳೆಯದೇ ಉಳಿಸಿಕೊಂಡರೆ ಪೂರ್ತಿ ಲಾಭ ಸಿಗುವುದಿಲ್ಲ. ಆ ಬೋಲ್ಟ್ ಒಳಗಿನ ತೂತು ಸಣ್ಣದು, ಜೊತೆಗೆ ಡೀಸೆಲ್ ಅಲ್ಲಿ ಥಟ್ಟನೆ ತಿರುಗಬೇಕು. ಸಾಧ್ಯವಾದ ಕಡೆ ನೇರ ಫಿಟಿಂಗ್ ಹಾಕಿ. ಸಾಧ್ಯವಾಗದ ಕಡೆ ಪ್ರತಿ ಸಲ ಬಿಚ್ಚಿದಾಗ ತಾಮ್ರದ ವಾಷರ್ ಹೊಸದು ಹಾಕಿ. ಟೆಫ್ಲಾನ್ ಟೇಪ್ ಮಾತ್ರ ಮುಟ್ಟಬೇಡಿ. ಅದರ ಎಳೆ ಬಿಚ್ಚಿಕೊಂಡು ಇಂಜೆಕ್ಷನ್ ಪಂಪ್‌ಗೆ ಹೋದರೆ ಗೋವಿಂದ.

ಟ್ಯಾಂಕ್ ಇಳಿಸಿದಾಗ ಕಾಲು ಟ್ಯಾಂಕಿನ ಗುಟ್ಟೂ ಬಯಲಾಯಿತು. ಒಳಗಿನ, ಡೀಸೆಲ್ ಎಳೆದುಕೊಳ್ಳುವ ಪಿಕಪ್ ಪೈಪಿನಲ್ಲಿ ಅರ್ಧಕ್ಕಿಂತ ಕೆಳಗೆ ತುಕ್ಕು ತಿಂದು ಸೂಜಿ ತೂತು ಆಗಿತ್ತು. ಡೀಸೆಲ್ ಮಟ್ಟ ಅದಕ್ಕಿಂತ ಕೆಳಗಿಳಿದ ಕೂಡಲೇ ಗಾಳಿ. ತುದಿಯ ಜಾಲರಿಗೆ ಕಪ್ಪು ಲೋಳೆ ಹಿಡಿದಿತ್ತು. ಹೊರಗೆ ಎಂಥ ಪಂಪ್ ಹಾಕಿದ್ದರೂ ಇದು ಸರಿಹೋಗುತ್ತಿರಲಿಲ್ಲ.

ಪೈಪ್ ಮುಗಿಸಿದ ಮೇಲೆ ವ್ಯಾಕ್ಯೂಮ್ ಗೇಜ್ 2 ಇಂಚಿಗೆ ಇಳಿಯಿತು. ಬೆಳಿಗ್ಗೆ ಸೆಲ್ಫ್ ಮುಟ್ಟಿದ ಕೂಡಲೇ ಸ್ಟಾರ್ಟ್. ಏರಿನಲ್ಲಿ ಎಳೆತ ಬೀಳುವುದು ಬಹುಪಾಲು ಹೋಯಿತು. ಇದೆಲ್ಲ ಎಲೆಕ್ಟ್ರಿಕ್ ಪಂಪ್ ಬರುವುದಕ್ಕೆ ಮೊದಲೇ.

ಹಾಗಾದರೆ ಎಲೆಕ್ಟ್ರಿಕ್ ಪಂಪ್ ಯಾಕೆ? ಕಾರಣ ಫಿಲ್ಟರ್. ನನಗೆ ನೀರು ಬೇರ್ಪಡಿಸುವ ಕಪ್ ಮತ್ತು ಸಣ್ಣ ಮೈಕ್ರಾನ್‌ನ (ತೀರ ಸಣ್ಣ ಕೊಳೆಯನ್ನೂ ಹಿಡಿಯುವ) ದೊಡ್ಡ ಫಿಲ್ಟರ್ ಎರಡೂ ಬೇಕಿತ್ತು. ರೋಟರಿ ಪಂಪ್‌ಗೆ ಡೀಸೆಲ್ಲೇ ಎಣ್ಣೆ, ಡೀಸೆಲ್ಲೇ ತಂಪು. ಒಳಗಿನ ಸಂದುಗಳು ಮೈಕ್ರಾನ್ ಲೆಕ್ಕದಲ್ಲಿರುತ್ತವೆ. ಕೊಳೆ, ನೀರು ಹೋದರೆ ಉಳಿಯುವುದಿಲ್ಲ. ಸಣ್ಣ ಮೈಕ್ರಾನ್‌ನ ಫಿಲ್ಟರ್ ದಾಟಿಸುವುದು ಡಯಾಫ್ರಂ ಪಂಪ್‌ಗೆ ಕಷ್ಟ. ಐಡಲ್‌ನಲ್ಲಿ 5 ಪಿಎಸ್ಐ (ಪ್ರೆಷರಿನ ಅಳತೆ) ತೋರಿಸುತ್ತಿದ್ದದ್ದು ಲೋಡ್‌ನಲ್ಲಿ 1ಕ್ಕೆ ಬರುತ್ತಿತ್ತು. ಎಲೆಕ್ಟ್ರಿಕ್ ಪಂಪ್ ಹಾಕಿದ ಮೇಲೆ ಐಡಲ್‌ನಲ್ಲಿ 7, ಪೂರ್ತಿ ಲೋಡ್‌ನಲ್ಲಿ 6.

ನೀರಿನ ಕಪ್ ಪಂಪ್‌ಗೆ ಮೊದಲು, ಸಣ್ಣ ಮೈಕ್ರಾನ್‌ನ ಫಿಲ್ಟರ್ ಪಂಪ್ ಆದ ಮೇಲೆ. ಈ ಕ್ರಮ ಮುಖ್ಯ. ಪಂಪ್ ಒಳಗೆ ಹೋದ ನೀರು ಡೀಸೆಲ್ ಜೊತೆ ಕಡೆದು ಸಣ್ಣ ಹನಿಗಳಾಗುತ್ತದೆ, ಆಮೇಲೆ ಬೇರ್ಪಡಿಸುವುದು ಕಷ್ಟ. ನನ್ನ ಕಿಟ್‌ನ ಬ್ರಾಕೆಟ್ ಇದನ್ನು ಉಲ್ಟಾ ಮಾಡಿ ಕೊಟ್ಟಿತ್ತು. ಬಿಚ್ಚಿ ನಮಗೆ ಬೇಕಾದ ಹಾಗೆ ಕೂರಿಸಿಕೊಂಡೆವು.

ಜಾಸ್ತಿ ಪ್ರೆಷರ್ ಇದ್ದರೆ ಜಾಸ್ತಿ ಪವರ್ ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ಎಷ್ಟು ಡೀಸೆಲ್ ಹೊಡೆಯಬೇಕು ಅಂತ ಅಳೆಯುವುದು ಇಂಜೆಕ್ಷನ್ ಪಂಪ್, ಫೀಡ್ ಪಂಪ್ ಅಲ್ಲ. ಇದ್ದ ಪವರ್ ವಾಪಸ್ ಬರುತ್ತದೆ, ಹೊಸದು ಹುಟ್ಟುವುದಿಲ್ಲ. ರೋಟರಿ ಪಂಪ್‌ಗೆ ಅತಿಯಾಗಿ ಒತ್ತಿದರೆ ಒಳಗಿನ ಕೇಸ್ ಪ್ರೆಷರ್ ಏರಿ ಟೈಮಿಂಗ್ (ಡೀಸೆಲ್ ಹೊಡೆಯುವ ಸಮಯ) ಬದಲಾಗಬಹುದು. ಶಾಫ್ಟ್ ಸೀಲ್ ಕಿತ್ತು ಮತ್ತೆ ಡೀಸೆಲ್ ಆಯಿಲ್‌ಗೆ ಇಳಿಯಲೂಬಹುದು. ನಿಮ್ಮ ಪಂಪ್‌ನ ಸರ್ವಿಸ್ ಪುಸ್ತಕದಲ್ಲಿ ಇರುವ ಮಿತಿ ನೋಡಿ, ಅದಕ್ಕೆ ರೆಗ್ಯುಲೇಟರ್ ಹೊಂದಿಸಿ. ವಾಪಸ್ ಹೋಗುವ ಪೈಪ್ ಕಟ್ಟಿಕೊಂಡಿದ್ದರೂ ಇದೇ ಗೋಳು, ಅದನ್ನೂ ಬದಲಾಯಿಸಿ.

ವೈರಿಂಗ್ ವಿಷಯಕ್ಕೆ ಬಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಕೊಟ್ಟ ತಂತಿ ಎಷ್ಟು ತೆಳ್ಳಗಿತ್ತು ಅಂದರೆ, ಬ್ಯಾಟರಿಯಲ್ಲಿ 13.8 ವೋಲ್ಟ್ ಇದ್ದರೆ ಪಂಪ್ ಹತ್ತಿರ 12ಕ್ಕಿಂತ ಕಡಿಮೆ. ದಪ್ಪ ತಂತಿ, ಬೇರೆ ರಿಲೇ, ಚಾಸಿಗೆ ಕೆರೆದು ಹಾಕಿದ ಅರ್ತ್, ಇಷ್ಟು ಮಾಡಿದ ಮೇಲೆ ಪಂಪ್‌ನ ಸದ್ದೇ ಬದಲಾಯಿತು. ಇನ್ನೊಂದು ಸುರಕ್ಷತೆಯ ಮಾತು. ಹಳೆಯ ಪಂಪ್ ಎಂಜಿನ್ ನಿಂತರೆ ತಾನೂ ನಿಲ್ಲುತ್ತಿತ್ತು. ಎಲೆಕ್ಟ್ರಿಕ್ ಪಂಪ್ ಕೀ ಆನ್ ಇರುವವರೆಗೂ ತಳ್ಳುತ್ತಲೇ ಇರುತ್ತದೆ. ಅಪಘಾತದಲ್ಲಿ ಪೈಪ್ ಕಿತ್ತರೆ ಬಿಸಿ ಟರ್ಬೊ ಮೇಲೆ ಡೀಸೆಲ್ ಸುರಿಯುತ್ತದೆ. ಪೆಟ್ರೋಲ್‌ನಷ್ಟು ಸುಲಭವಾಗಿ ಹತ್ತಿಕೊಳ್ಳದಿದ್ದರೂ ಕೆಂಪಗೆ ಕಾದ ಲೋಹದ ಮೇಲೆ ಬಿದ್ದರೆ ಹತ್ತಿಕೊಳ್ಳುತ್ತದೆ. ಆದ್ದರಿಂದ ಎಂಜಿನ್ ನಿಂತು ಆಯಿಲ್ ಪ್ರೆಷರ್ ಇಳಿದರೆ ಪಂಪೂ ನಿಲ್ಲುವ ಹಾಗೆ ಆಯಿಲ್ ಪ್ರೆಷರ್ ಸ್ವಿಚ್ ಮೂಲಕ ರಿಲೇ ಓಡಿಸಿ, ಸ್ಟಾರ್ಟ್ ಮಾಡುವಾಗ ಮಾತ್ರ ಸೆಲ್ಫ್ ಲೈನಿನಿಂದ ಕರೆಂಟ್ ಕೊಡಿ. ಬಡಿತಕ್ಕೆ ಆಫ್ ಆಗುವ ಇನರ್ಷಿಯಾ ಸ್ವಿಚ್ ಇದ್ದರೆ ಇನ್ನೂ ಒಳ್ಳೆಯದು. ಕಿಟ್‌ನಲ್ಲಿ ಎರಡೂ ಇರಲಿಲ್ಲ.

ಈಗ ವರ್ಷಗಟ್ಟಲೆ ಓಡಿಸಿದ ಮೇಲಿನ ಮಾತು. ಪೈಪುಗಳನ್ನು ಮತ್ತೆ ಮುಟ್ಟಿಯೇ ಇಲ್ಲ. ಚಾಸಿಗೆ ಉಜ್ಜುವಲ್ಲೆಲ್ಲ ರಬ್ಬರ್ ಕ್ಲಾಂಪ್ ಹಾಕಿದ್ದೆ, ಒಂದೂ ಸವೆದಿಲ್ಲ. ಪಂಪ್‌ನ ಮೋಟಾರ್ ಒಮ್ಮೆ ಬದಲಾಯಿತು. ಅದು ಹೋದ ರೀತಿ ನನಗೆ ಇಷ್ಟವಾಗಲಿಲ್ಲ. ಡಯಾಫ್ರಂ ಪಂಪ್ ಸಾಯುವುದಕ್ಕೆ ಮುಂಚೆ ತಿಂಗಳುಗಟ್ಟಲೆ ಗೊಣಗುತ್ತದೆ. ಇದು ನಿನ್ನೆ ಚೆನ್ನಾಗಿತ್ತು, ಇವತ್ತು ಇಲ್ಲ. ನನ್ನ ಪಂಪ್ ನಿಂತಾಗಲೂ ಡೀಸೆಲ್ ಅದರ ಮೂಲಕ ಹರಿಯುತ್ತದೆ, ಹಾಗಾಗಿ ನಿಧಾನಕ್ಕೆ ಮನೆ ಸೇರಬಹುದಾಯಿತು. ಕೆಲವು ಮಾದರಿಗಳು ನಿಂತರೆ ದಾರಿಯನ್ನೇ ಮುಚ್ಚಿಬಿಡುತ್ತವೆ. ಕೊಳ್ಳುವ ಮೊದಲು ಇದನ್ನು ಕೇಳಿ. ಕೇಳಿದರೆ ಅಂಗಡಿಯವನಿಗೂ ಗೊತ್ತಿರುವುದಿಲ್ಲ, ಅದು ಬೇರೆ ಮಾತು.

ಸದ್ದು ಇದೆ. ರಬ್ಬರ್ ಬುಷ್ ಹಾಕಿದರೂ ಐಡಲ್‌ನಲ್ಲಿ ಒಂದು ಗುಂಯ್ ಕೇಳುತ್ತದೆ. ಹಳೆಯ ಡೀಸೆಲ್ ಓಡಿಸುವವರಿಗೆ ಇದೊಂದು ಲೆಕ್ಕವೇ ಅಲ್ಲ. ಮೈಲೇಜ್‌ನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ.

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಕಿಟ್‌ನಲ್ಲೇ ಇಲ್ಲದ ವಸ್ತು: ಡ್ಯಾಶ್‌ನಲ್ಲಿ ಕೂರಿಸಿದ ಫ್ಯುಯೆಲ್ ಪ್ರೆಷರ್ ಗೇಜ್. ಡೀಸೆಲ್ ಪೈಪನ್ನೇ ಕ್ಯಾಬಿನ್ ಒಳಗೆ ತರಬೇಡಿ, ಸೆನ್ಸರ್ ಇರುವ ಗೇಜ್ ತೆಗೆದುಕೊಳ್ಳಿ. ಲೋಡ್‌ನಲ್ಲಿ ಮುಳ್ಳು 6ರಿಂದ 4ಕ್ಕೆ ಇಳಿದರೆ ಫಿಲ್ಟರ್ ತುಂಬಿದೆ ಅಂತ ಅರ್ಥ. ಕಿಲೋಮೀಟರ್ ನೋಡಿ ಫಿಲ್ಟರ್ ಬದಲಾಯಿಸುವುದನ್ನು ಬಿಟ್ಟಿದ್ದೇನೆ.

ಏರ್ ತೆಗೆಯುವುದು ಈಗ ಎಷ್ಟೋ ಸುಲಭ. ಪಂಪ್‌ಗೆ ನೇರ ಕರೆಂಟ್ ಕೊಡುವ ಒಂದು ಬಟನ್ ಹಾಕಿದ್ದೇನೆ. ಅದನ್ನು ಒತ್ತಿ, ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿದರೆ ಗಾಳಿ ಹೋಗುತ್ತದೆ. ನಾಜಲ್ ಕಡೆಯ ನಟ್ ಸಡಿಲಿಸಬೇಕಾಗಿ ಬಂದರೆ ಮಾತ್ರ ಹುಷಾರು. ಅಲ್ಲಿ ಚಿಮ್ಮುವ ಡೀಸೆಲ್ ಎಳೆ ಚರ್ಮ ತೂರಿ ಒಳಗೆ ಹೋಗುವಷ್ಟು ಜೋರಿರುತ್ತದೆ. ಬೆರಳಿಟ್ಟು ನೋಡಬೇಡಿ. ಹೊಕ್ಕರೆ ಗಾಯ ಚಿಕ್ಕದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಿ.

ನಿಮ್ಮ ಗಾಡಿಯ ಫೀಡ್ ಪಂಪ್ ಚೆನ್ನಾಗಿದ್ದು, ಬೆಳಿಗ್ಗೆ ಮಾತ್ರ ತೊಂದರೆ ಇದ್ದರೆ ಸುಮ್ನೆ ಈ ಕಿಟ್ ತೆಗೆದುಕೊಳ್ಳಬೇಡಿ. ಹೋಸ್, ವಾಷರ್, ಪಿಕಪ್ ಬದಲಾಯಿಸಿ, ಗೇಜ್ ಹಾಕಿ ಓಡಿಸಿ. ಲೋಡ್‌ನಲ್ಲಿ ಪ್ರೆಷರ್ ನಿಲ್ಲದಿದ್ದರೆ ಆಗ ಪಂಪ್. ತೆಗೆದುಕೊಂಡರೆ ಮಾಮೂಲಿ ತಿರುಗಿಸಿ ಕೂರಿಸುವ ಫಿಲ್ಟರ್ ಹಿಡಿಯುವ ಮಾದರಿಯನ್ನೇ ತೆಗೆದುಕೊಳ್ಳಿ. ನನ್ನದರಲ್ಲಿ ಕಂಪನಿಯದೇ ಬೇರೆ ಥ್ರೆಡ್‌ನ ಫಿಲ್ಟರ್ ಇತ್ತು. ಅದು ಸಿಗುವುದು ಕಷ್ಟವಾದ ಮೇಲೆ ಫಿಲ್ಟರ್ ತಲೆಯನ್ನೇ ಬದಲಾಯಿಸಿಕೊಂಡೆ.