ಹಂಫ್ರಿ ಫೆಲೋಶಿಪ್, ಮಿನ್ನೆಸೋಟಾ ಲಾ ಸ್ಕೂಲ್: ಆಫೀಸಿನವರಿಗೆ ಪೂರ್ತಿ ಅಂಕ

ಕಾರವಾರ, ಶಿರಸಿ ಕಡೆಯ ವಕೀಲರು ಯಾರಾದರೂ ಹಂಫ್ರಿ ಫೆಲೋಶಿಪ್‌ಗೆ ಅರ್ಜಿ ಹಾಕಬೇಕು ಅಂತಿದ್ದರೆ ಇದನ್ನು ಓದಿ. ಕೆಲಸದಲ್ಲಿ ಅನುಭವ ಇರುವವರು ಅಮೆರಿಕದ ಯೂನಿವರ್ಸಿಟಿಯೊಂದರಲ್ಲಿ ಇದ್ದು ಕಲಿಯುವ ಅವಕಾಶ ಇದು. 1978ರಲ್ಲಿ ಶುರುವಾದದ್ದು, ಅಮೆರಿಕ ಸರ್ಕಾರದ ದುಡ್ಡು, ಸುಮಾರು 10 ತಿಂಗಳು. ಡಿಗ್ರಿ ಸಿಗುವುದಿಲ್ಲ. ಯೂನಿವರ್ಸಿಟಿಯನ್ನು ನಾವು ಆರಿಸುವ ಹಾಗೂ ಇಲ್ಲ, ನನಗೆ ಸಿಕ್ಕಿದ್ದು ಮಿನ್ನೆಸೋಟಾ ಯೂನಿವರ್ಸಿಟಿಯ ಲಾ ಸ್ಕೂಲ್.

ಪ್ರೊಫೆಸರ್‌ಗಳನ್ನು ಎಲ್ಲರೂ ಹೊಗಳುತ್ತಾರೆ. ನಾನು ಹೇಳಬೇಕಾದದ್ದು ಅಲ್ಲಿ ಈ ಫೆಲೋಶಿಪ್ ನೋಡಿಕೊಳ್ಳುವ ಆಫೀಸಿನ ಸಿಬ್ಬಂದಿ ಬಗ್ಗೆ. ಬೇಸಿಗೆಯಲ್ಲಿ ಅಲ್ಲಿಗೂ ನಮಗೂ ಹತ್ತೂವರೆ ಗಂಟೆ ವ್ಯತ್ಯಾಸ, ಆದರೂ ರಾತ್ರಿ ಕಳಿಸಿದ ಮೇಲ್‌ಗೆ ಬೆಳಿಗ್ಗೆ ಏಳುವಷ್ಟರಲ್ಲಿ ಉತ್ತರ ಬಂದಿರುತ್ತಿತ್ತು, ಅದೂ ಸುಮ್ನೆ ಒಂದು ಸಾಲಲ್ಲ, ನಾನು ಕೇಳದೇ ಬಿಟ್ಟದ್ದನ್ನೂ ಸೇರಿಸಿ. ಕಾರವಾರದ ಸೀಬರ್ಡ್ ನೌಕಾನೆಲೆಗೆ ಭೂಮಿ ಕೊಟ್ಟವರ ಪರಿಹಾರದ ಕೇಸು ನಡೆಸಿದವಳು ಅಂತ ಅರ್ಜಿಯಲ್ಲಿ ಬರೆದಿದ್ದೆ. ಅದನ್ನು ನೆನಪಿಟ್ಟುಕೊಂಡು, ಭೂಮಿ ಹಕ್ಕಿನ ಕೆಲಸ ಮಾಡುವ ಸಂಸ್ಥೆಯಲ್ಲೇ ನನಗೆ ಕೆಲವು ವಾರ ಜಾಗ ಹುಡುಕಿ ಕೊಟ್ಟರು. ಇದಕ್ಕಿಂತ ಜಾಸ್ತಿ ಏನು ಬೇಕು?

ಚಳಿ ಮಾತ್ರ ಭಯಂಕರ. ಕರಾವಳಿಯವರಿಗೆ ಸ್ವೆಟರ್ ಕೂಡ ಹೊಸದು, ಅಲ್ವಾ? ದಪ್ಪ ಕೋಟು ಎಲ್ಲಿ ಕಡಿಮೆಗೆ ಸಿಗುತ್ತದೆ ಅಂತಲೂ ಅವರೇ ಹೇಳಿಕೊಟ್ಟರು.

ಅರ್ಜಿಯಲ್ಲಿ ನಿಮ್ಮ ಕೆಲಸವನ್ನು ಬಿಡಿಸಿ ಬರೆಯಿರಿ. ಅವರು ನಿಜವಾಗಿಯೂ ಓದುತ್ತಾರೆ.